ಟೆಲಿಸ್ಕೋಪಿಕ್ ಚಾನೆಲ್‌ಗೆ ಲಿಮಿಟ್ ಮೇಟ್ ಕೊಟ್ಟರೂ ಪಟ್ಟಿ ಪಲ್ಟಿ ಹೊಡೆಯುತ್ತದೆ, ಸರಿಯಾದ ಕ್ರಮ ಯಾವುದು?

ಜಾರುಬಾಗಿಲು:

ಮೂರು ಪಟ್ಟಿಯ ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರುವ ಹಳಿ) ಅಸೆಂಬ್ಲಿ ಸಾಲಿಡ್‌ವರ್ಕ್ಸ್ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿದೆ. ಕ್ಯಾಬಿನೆಟ್‌ಗೆ ತಿರುಪು ಹಾಕುವ ಹೊರಪಟ್ಟಿ, ನಡುಪಟ್ಟಿ, ಡ್ರಾಯರ್‌ಗೆ ಕೂರುವ ಒಳಪಟ್ಟಿ. ಹೊರ-ನಡು ಸ್ಟ್ರೋಕ್ (ಜಾರುವ ದೂರ) 218 ಮಿ.ಮೀ., ನಡು-ಒಳ ಸ್ಟ್ರೋಕ್ 232 ಮಿ.ಮೀ., ಒಟ್ಟು 450.

ಪ್ರತಿ ಜೋಡಿಗೂ ಎರಡು ಕೋಇನ್ಸಿಡೆಂಟ್ ಮೇಟ್ (ಎರಡು ಮುಖಗಳು ಒಂದೇ ಸಮತಲದಲ್ಲಿರಬೇಕೆಂಬ ಜೋಡಣೆಯ ನಿಯಮ) ಹಾಕಿ, ಅಡ್ವಾನ್ಸ್ಡ್ ಮೇಟ್ಸ್‌ನಲ್ಲಿ ಡಿಸ್ಟನ್ಸ್ ಲಿಮಿಟ್ (ದೂರಕ್ಕೆ ಕನಿಷ್ಠ-ಗರಿಷ್ಠ ಮಿತಿ) ಕೊಟ್ಟಿದ್ದೇನೆ. ಮೊದಲನೆಯದಕ್ಕೆ ಕನಿಷ್ಠ 0, ಗರಿಷ್ಠ 218. ಎರಡನೆಯದಕ್ಕೆ ಕನಿಷ್ಠ 0, ಗರಿಷ್ಠ 232. ಎರಡೂ ಕಡೆ ಅಳತೆ ಪಟ್ಟಿಗಳ ಹಿಂತುದಿಯ ಮುಖಗಳ ನಡುವೆ. ತೊಂದರೆಗಳು ಇವು:

- ಪೂರ್ತಿ ಮುಚ್ಚಿ ಮತ್ತೆ ಎಳೆದಾಗ ಕೆಲವೊಮ್ಮೆ ನಡುಪಟ್ಟಿ ಮುಂದೆ ಬರುವ ಬದಲು ಹಿಂದಕ್ಕೆ ಹೋಗಿ ಕ್ಯಾಬಿನೆಟ್ ಬೆನ್ನು ತೂರಿಕೊಂಡು ಆಚೆ ನಿಲ್ಲುತ್ತದೆ.
- ಒಳಪಟ್ಟಿ ಹಿಡಿದು ಎಳೆದರೆ ನಡುಪಟ್ಟಿ ಯಾವಾಗ ಹೊರಡುತ್ತದೆ ಎಂಬುದಕ್ಕೆ ನಿಯಮವೇ ಇಲ್ಲ.
- ಇದನ್ನು ಮುಖ್ಯ ಅಸೆಂಬ್ಲಿಗೆ ತಂದರೆ ಅಲ್ಲಾಡುವುದೇ ಇಲ್ಲ.
- ಎಡ, ಬಲ ಎರಡೂ ಚಾನೆಲ್‌ಗಳನ್ನು ಡ್ರಾಯರ್‌ಗೆ ಮೇಟ್ ಮಾಡಿದ ಕೂಡಲೇ ಓವರ್ ಡಿಫೈನ್ಡ್ (ಬೇಕಾದ್ದಕ್ಕಿಂತ ಹೆಚ್ಚು ನಿಯಮ) ಎಂಬ ದೋಷ.

ಲಿಮಿಟ್ ಬಿಟ್ಟು ಕೊಲಿಶನ್ ಡಿಟೆಕ್ಷನ್ (ಡಿಕ್ಕಿ ಪತ್ತೆ) ನೆಚ್ಚಿಕೊಳ್ಳುವುದೇ ಮೇಲೇ? ಸ್ಟಾಪರ್ ನಾಲಿಗೆಯ ಜಾಗ ಇನ್ನೂ ಬದಲಾಗುವ ಸಾಧ್ಯತೆ ಇದೆ, ಪ್ರತಿ ಸಲ ಲಿಮಿಟ್ ಸಂಖ್ಯೆ ತಿದ್ದುತ್ತ ಕೂರುವುದು ಬೇಡ ಅನ್ನುವುದೂ ಒಂದು ಕಾರಣ.

---

ಐದುಮೇಟು:

ಪಲ್ಟಿಯ ಕಾರಣ ನಿಮ್ಮ ಕನಿಷ್ಠ 0. ಎರಡು ಸಮಾಂತರ ಮುಖಗಳ ನಡುವಿನ ದೂರ ಸೊನ್ನೆ ಆದ ಕ್ಷಣದಲ್ಲಿ ‘ಮುಂದೆ’ ಯಾವುದು, ‘ಹಿಂದೆ’ ಯಾವುದು ಎಂದು ಸಾಲ್ವರ್‌ಗೆ (ಮೇಟ್‌ಗಳ ಲೆಕ್ಕ ಬಿಡಿಸುವ ಭಾಗಕ್ಕೆ) ತಿಳಿಯುವ ದಾರಿ ಇಲ್ಲ. ಮುಂದೆ 5 ಮಿ.ಮೀ. ಹೋದರೂ ದೂರ 5, ಹಿಂದೆ 5 ಹೋದರೂ ದೂರ 5. ಎರಡೂ 0-218ರ ಒಳಗೇ ಇವೆ. ಮೌಸ್ ಯಾವ ಕಡೆ ಮೊದಲು ಜಗ್ಗಿತೋ ಆ ಕಡೆಯ ಉತ್ತರ ಸಿಗುತ್ತದೆ. ಫ್ಲಿಪ್ ಡೈಮೆನ್ಶನ್ ಒತ್ತಿದರೆ ಆ ಹೊತ್ತಿಗೆ ಸರಿಹೋದಂತೆ ಕಾಣುತ್ತದೆ, ಮುಂದಿನ ಸಲ ಮುಚ್ಚಿದಾಗ ಅದೇ ಕಥೆ.

ಪರಿಹಾರ: ಅಳತೆ ಎಂದೂ ಸೊನ್ನೆಯ ಹತ್ತಿರ ಸುಳಿಯದಂತೆ ರೆಫರೆನ್ಸ್ ಆರಿಸುವುದು. ಹೊರಪಟ್ಟಿಯ ಪಾರ್ಟ್ ಫೈಲ್‌ನಲ್ಲಿ ಹಿಂತುದಿಯಿಂದ ಇನ್ನೂ 1000 ಮಿ.ಮೀ. ಹಿಂದೆ ಒಂದು ಪ್ಲೇನ್ (ಕಾಲ್ಪನಿಕ ಸಮತಲ) ಹಾಕಿ. ಆಗ ಮುಚ್ಚಿದಾಗ 1000, ತೆರೆದಾಗ 1218. ಕನ್ನಡಿ ಉತ್ತರ ಇರುವುದು ಆ ಪ್ಲೇನ್‌ನ ಆಚೆ ಬದಿಯಲ್ಲಿ, ಅಂದರೆ 2000 ಮಿ.ಮೀ. ದೂರ. ಮೌಸ್ ಎಷ್ಟೇ ಜೋರಾಗಿ ಎಳೆದರೂ ಅಷ್ಟು ದೂರದ ಉತ್ತರಕ್ಕೆ ಸಾಲ್ವರ್ ಜಿಗಿಯುವುದಿಲ್ಲ. ಆಫ್‌ಸೆಟ್ 10 ಅಥವಾ 20 ಕೊಟ್ಟು ‘ಇನ್ನೂ ಪಲ್ಟಿ ಹೊಡೆಯುತ್ತಿದೆ’ ಅನ್ನುವವರಿದ್ದಾರೆ. ಪರದೆಯಲ್ಲಿ ಒಂದೇ ಎಳೆತಕ್ಕೆ 20 ಮಿ.ಮೀ. ದಾಟಿಬಿಡುತ್ತದೆ, ಹಾಗಾಗಿ ಆಫ್‌ಸೆಟ್ ಸ್ಟ್ರೋಕ್‌ಗಿಂತ ದೊಡ್ಡದಿರಲಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸ್ಟಾಪರ್ ಜಾಗ ಬದಲಾಗುತ್ತದೆ ಅಂದಿದ್ದೀರಿ. ನಿಜ ಹೇಳಬೇಕೆಂದರೆ 218 ಅನ್ನುವ ಸಂಖ್ಯೆ ಮೇಟ್‌ನಲ್ಲಿ ಇರಲೇಬಾರದು. ಅದು ನಾಲಿಗೆಯ ಜಾಗ ಮತ್ತು ನಡುಪಟ್ಟಿಯ ಕೊಕ್ಕೆಯ ಜಾಗದಿಂದ ಹುಟ್ಟುವ ಫಲಿತಾಂಶ. ಫಲಿತಾಂಶವನ್ನು ಇನ್ನೊಂದು ಕಡೆ ಕೈಯಾರೆ ಬರೆದಿಟ್ಟರೆ ಒಂದು ದಿನ ಎರಡೂ ಹೊಂದುವುದಿಲ್ಲ. ಮಾದರಿ ಚೆನ್ನಾಗಿ ಜಾರುತ್ತಿರುತ್ತದೆ, ತಯಾರಾದ ಚಾನೆಲ್ ಮಾತ್ರ 6 ಮಿ.ಮೀ. ಮೊದಲೇ ನಿಲ್ಲುತ್ತದೆ.

ಅದಕ್ಕೆ ಒಂದೇ ಎರಡು-ತುದಿಯ ಲಿಮಿಟ್ ಬದಲು ಎರಡು ಒಂದು-ತುದಿಯ ಲಿಮಿಟ್‌ಗಳನ್ನು ಹಾಕಿ. ಕ್ರಮ ಹೀಗೆ:

1. ಹೊರಪಟ್ಟಿಯಲ್ಲಿ ಮುಂದಿನ ಸ್ಟಾಪರ್ ನಾಲಿಗೆಯ ತಡೆಯುವ ಮುಖದಿಂದ 1000 ಮಿ.ಮೀ. ಮುಂದಕ್ಕೆ ಪ್ಲೇನ್. ಹೆಸರು ‘ತಡೆ_ಮುಂದೆ’.
2. ನಡುಪಟ್ಟಿಯಲ್ಲಿ ಆ ನಾಲಿಗೆಗೆ ತಾಗುವ ಕೊಕ್ಕೆಯ ಮುಖದ ಮೇಲೆಯೇ ಒಂದು ಪ್ಲೇನ್, ಆಫ್‌ಸೆಟ್ 0. ಹೆಸರು ‘ತಾಗು_ಮುಂದೆ’.
3. ಈ ಎರಡರ ನಡುವೆ ಡಿಸ್ಟನ್ಸ್ ಲಿಮಿಟ್: ಕನಿಷ್ಠ 1000, ಗರಿಷ್ಠ 2000.
4. ಹಿಂದಿನ ತಡೆಗೂ ಇದೇ: ‘ತಡೆ_ಹಿಂದೆ’ 1000 ಹಿಂದಕ್ಕೆ, ‘ತಾಗು_ಹಿಂದೆ’ ಮುಖದ ಮೇಲೆ, ಮತ್ತೆ 1000 ಮತ್ತು 2000.

ಗರಿಷ್ಠ 2000 ಅನ್ನುವುದು ಸುಮ್ಮನೆ ಖಾಲಿ ಜಾಗ ತುಂಬಲು, ಅದು ಎಂದೂ ಮುಟ್ಟುವುದಿಲ್ಲ. ಕೆಲಸ ಮಾಡುವುದು ಎರಡೂ ಕಡೆಯ ಕನಿಷ್ಠ 1000. ನಾಲಿಗೆಯನ್ನು 8 ಮಿ.ಮೀ. ಹಿಂದೆ ಸರಿಸಿದರೆ ಪ್ಲೇನ್ ಅದರ ಜೊತೆಗೇ ಸರಿಯುತ್ತದೆ, ಸ್ಟ್ರೋಕ್ ತಾನಾಗಿಯೇ 210 ಆಗುತ್ತದೆ, ಮೇಟ್ ಮುಟ್ಟುವ ಅಗತ್ಯವಿಲ್ಲ.

ಮುಖದ ಬದಲು ಪ್ಲೇನ್ ಯಾಕೆ? ಸ್ಟಾಪರ್ ನಾಲಿಗೆ ಸಾಮಾನ್ಯವಾಗಿ ಹಾಳೆಯಿಂದ ಬಗ್ಗಿಸಿ ಎತ್ತಿದ್ದು. ಬೆಂಡ್ ರೇಡಿಯಸ್ ಬದಲಿಸಿದಾಗ, ಚಾಂಫರ್ ಸೇರಿಸಿದಾಗ ಮುಖದ ಗುರುತು ಕಳೆದುಹೋಗಿ ಮೇಟ್ ಮುರಿಯುತ್ತದೆ. ಸ್ಕೆಚ್ ರೇಖೆಗೆ ಕಟ್ಟಿದ ಪ್ಲೇನ್ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಮುರಿದರೂ ಪಾರ್ಟ್ ಒಳಗೆ ಒಂದೇ ಕಡೆ ಸರಿಪಡಿಸಿದರೆ ಸಾಕು.

ಹಿಂದಿನ ತಡೆಯಲ್ಲಿ ರಬ್ಬರ್ ಬಂಪರ್ ಇದ್ದರೆ ಎಚ್ಚರ. ಬಿಡುವಾಗಿ 4 ಮಿ.ಮೀ. ದಪ್ಪದ ರಬ್ಬರ್ ಡ್ರಾಯರ್ ಮುಚ್ಚಿದಾಗ 3ಕ್ಕೆ ಒತ್ತಿಕೊಂಡರೆ, ‘ತಡೆ_ಹಿಂದೆ’ ಪ್ಲೇನ್ ಅಳೆದು ಇಡಬೇಕಾದದ್ದು ಒತ್ತಿದ ದಪ್ಪದಿಂದ, ಬಿಡು ದಪ್ಪದಿಂದಲ್ಲ. ಆಗ ಇಂಟರ್‌ಫರೆನ್ಸ್ ಡಿಟೆಕ್ಷನ್‌ನಲ್ಲಿ 1 ಮಿ.ಮೀ. ಒಳನುಗ್ಗುವಿಕೆ ಕಾಣುತ್ತದೆ. ಅದೊಂದನ್ನು ಇಗ್ನೋರ್ ಮಾಡಿ.

ಇನ್ನು ಎಷ್ಟು ಮೇಟ್ ಸಾಕು ಅನ್ನುವುದು. ಜಾರುವ ಜೋಡಣೆಗೆ ಒಂದೇ ಚಲನೆ ಉಳಿಯಬೇಕು, ಆರರಲ್ಲಿ (ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು) ಐದು ತೆಗೆಯಬೇಕು. ಸಮತಲದ ಮೊದಲ ಕೋಇನ್ಸಿಡೆಂಟ್ ಮೂರು ತೆಗೆಯುತ್ತದೆ, ಅದಕ್ಕೆ ಲಂಬವಾದ ಎರಡನೆಯದು ಎರಡು. ಅಲ್ಲಿಗೆ ಮುಗಿಯಿತು. ಲಿಮಿಟ್ ಮೇಟ್ ಏನನ್ನೂ ತೆಗೆಯುವುದಿಲ್ಲ, ಅದು ವ್ಯಾಪ್ತಿಯನ್ನಷ್ಟೇ ಹೇಳುತ್ತದೆ. ಮೂರನೆಯದಾಗಿ ಪ್ಯಾರಲಲ್ ಮೇಟ್ ‘ಭದ್ರತೆಗೆ ಇರಲಿ’ ಎಂದು ಹಾಕಬೇಡಿ.

ದುಂಡು ರಾಡ್‌ಗಳ ಮೇಲೆ ಓಡುವ ಕ್ಯಾರೇಜ್ ಆದರೆ ಲೆಕ್ಕ ಬೇರೆ. ಒಂದು ಕಾನ್ಸೆಂಟ್ರಿಕ್ (ಎರಡು ದುಂಡು ಭಾಗಗಳ ಅಕ್ಷ ಒಂದೇ ಎನ್ನುವ ಮೇಟ್) ನಾಲ್ಕು ತೆಗೆಯುತ್ತದೆ, ತಿರುಗುವುದು ಮತ್ತು ಜಾರುವುದು ಉಳಿಯುತ್ತವೆ. ಎರಡನೇ ರಾಡ್‌ಗೂ ಕಾನ್ಸೆಂಟ್ರಿಕ್ ಹಾಕಿದರೆ ಬೇಕಿದ್ದದ್ದು ಒಂದು, ಕೊಟ್ಟದ್ದು ನಾಲ್ಕು. ರಾಡ್‌ಗಳ ಅಂತರ ಎರಡು ಪಾರ್ಟ್‌ಗಳಲ್ಲಿ 0.01 ಮಿ.ಮೀ. ಬೇರೆಯಾದರೂ ಕೆಂಪು ಗುರುತು. ಎರಡನೇ ಕಡೆ ಪ್ಲೇನ್ ಪ್ಯಾರಲಲ್ ಒಂದೇ ಸಾಕು.

---

ಗುಂಡುಗೂಡು:

ಮೇಲಿನ ಉತ್ತರಕ್ಕೆ ಸೇರಿಸುವುದು ನಿಮ್ಮ ಎರಡು ಮತ್ತು ನಾಲ್ಕನೇ ತೊಂದರೆಗೆ.

ಯಾವ ಪಟ್ಟಿ ಮೊದಲು ಹೊರಡುತ್ತದೆ ಅನ್ನುವುದನ್ನು ನಿಜವಾದ ಚಾನೆಲ್‌ನಲ್ಲಿ ಘರ್ಷಣೆ ನಿರ್ಧರಿಸುತ್ತದೆ. ಸಿಎಡಿಯಲ್ಲಿ ಘರ್ಷಣೆ ಇಲ್ಲ, ಎರಡು ಚಲನೆ ಬಿಡುವಾಗಿವೆ, ಆದ್ದರಿಂದ ಉತ್ತರ ಒಂದಲ್ಲ. ಮಾದರಿಗೆ ನೀವೇ ಒಂದು ನಿಯಮ ಕೊಡಬೇಕು. ಸುಲಭವಾದದ್ದು ಎರಡೂ ಹಂತ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯುವುದು. ಅಡ್ವಾನ್ಸ್ಡ್ ಮೇಟ್ಸ್‌ನಲ್ಲಿ ಎರಡು ನೇರ ಚಲನೆಗಳನ್ನು ಅನುಪಾತದಲ್ಲಿ ಕಟ್ಟುವ ಲೀನಿಯರ್/ಲೀನಿಯರ್ ಕಪ್ಲರ್ ಇದೆ. ನಡುಪಟ್ಟಿಯ ಅಂಚು ಒಂದು, ಒಳಪಟ್ಟಿಯ ಅಂಚು ಇನ್ನೊಂದು, ಎರಡಕ್ಕೂ ರೆಫರೆನ್ಸ್ ಕಾಂಪೊನೆಂಟ್ ಹೊರಪಟ್ಟಿ. ಅನುಪಾತ 218 : 450. ತುಂಬ ಜನ ಇಲ್ಲಿ 1 : 2 ಹಾಕಿಬಿಡುತ್ತಾರೆ. ಎರಡು ಹಂತಗಳ ಸ್ಟ್ರೋಕ್ ಸಮ ಇದ್ದರೆ ಮಾತ್ರ ಅದು ಸರಿ. ನಿಮ್ಮದರಲ್ಲಿ 1 : 2 ಕೊಟ್ಟರೆ ಒಳಪಟ್ಟಿ 436 ಬಂದಾಗಲೇ ನಡುಪಟ್ಟಿ 218 ಮುಟ್ಟಿ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ, 14 ಮಿ.ಮೀ. ಕೊರತೆ.

ಗುಂಡುಗಳನ್ನು ಹಿಡಿದಿಡುವ ಕೇಜ್ ಕೂಡ ಮಾದರಿಯಲ್ಲಿದ್ದರೆ ಅದು ಓಡುವುದು ಪಟ್ಟಿಯ ಅರ್ಧದಷ್ಟು. ಉರುಳುವ ಗುಂಡಿನ ಕೇಂದ್ರ ಯಾವತ್ತೂ ಎರಡು ಹಳಿಗಳ ಸಾಪೇಕ್ಷ ಚಲನೆಯ ಅರ್ಧವೇ ಹೋಗುತ್ತದೆ. ಹೊರ-ನಡು ಕೇಜ್‌ಗೆ 218ರ ಅರ್ಧ 109. ನಡು-ಒಳ ಕೇಜ್‌ಗೆ 232ರ ಅರ್ಧ 116, ಆದರೆ ಅದು ನಡುಪಟ್ಟಿಗೆ ಹೋಲಿಸಿದರೆ. ಕಪ್ಲರ್‌ನಲ್ಲಿ ರೆಫರೆನ್ಸ್ ಕಾಂಪೊನೆಂಟ್ ಖಾಲಿ ಬಿಟ್ಟರೆ ಚಲನೆಯನ್ನು ಅಸೆಂಬ್ಲಿಯ ಮೂಲಕ್ಕೆ ಅಳೆಯುತ್ತದೆ. ಆಗ ಎರಡನೇ ಕೇಜ್ ಪಟ್ಟಿಯಿಂದ ಹೊರಗೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದಕ್ಕೆ ರೆಫರೆನ್ಸ್ ನಡುಪಟ್ಟಿ ಎಂದೇ ಕೊಡಿ, ಅನುಪಾತ 1 : 2. ಕೇಜ್‌ಗೆ ಪ್ರತ್ಯೇಕ ಲಿಮಿಟ್ ಬೇಡ. ಕಪ್ಲರ್ ಇದ್ದಮೇಲೆ ಅದು ಪಟ್ಟಿಯ ಲಿಮಿಟ್ ಒಳಗೇ ಇರುತ್ತದೆ. ಉದ್ದೇಶ ಬರೀ ಡ್ರಾಯರ್ ಕ್ಲಿಯರೆನ್ಸ್ ನೋಡುವುದಾದರೆ ಕೇಜನ್ನೂ ಗುಂಡುಗಳನ್ನೂ ಸಪ್ರೆಸ್ (ಅಳಿಸದೆ ನಿಷ್ಕ್ರಿಯ) ಮಾಡಿಬಿಡಿ. ನೂರಾರು ಗುಂಡು ಹೊತ್ತು ಎಳೆಯುವುದರಲ್ಲಿ ಲಾಭವಿಲ್ಲ.

ಎಡ-ಬಲ: ಎಡ ಚಾನೆಲ್‌ನ ಒಳಪಟ್ಟಿಗೆ ಡ್ರಾಯರನ್ನು ಪೂರ್ತಿ ಮೇಟ್ ಮಾಡಿ. ಬಲ ಚಾನೆಲ್‌ನ ಹೊರಪಟ್ಟಿಯನ್ನು ಕ್ಯಾಬಿನೆಟ್‌ಗೆ ಪೂರ್ತಿ ಕೂರಿಸಿ, ಅದರ ಒಳಪಟ್ಟಿಗೆ ಡ್ರಾಯರ್‌ನಿಂದ ಒಂದೇ ಒಂದು ಮೇಟ್: ಮುಂತುದಿಯ ಪ್ಲೇನ್ ಕೋಇನ್ಸಿಡೆಂಟ್. ಅದಕ್ಕೆ ಉಳಿದಿದ್ದದ್ದೇ ಒಂದು ಚಲನೆ, ಅದನ್ನು ಆ ಮೇಟ್ ಡ್ರಾಯರ್‌ಗೆ ಕಟ್ಟುತ್ತದೆ. ಬಲ ಚಾನೆಲ್‌ನ ಲಿಮಿಟ್ ಮೇಟ್‌ಗಳನ್ನು ಸಪ್ರೆಸ್ ಮಾಡಿದ ಒಂದು ಕಾನ್ಫಿಗರೇಶನ್ (ಅದೇ ಕಡತದ ಇನ್ನೊಂದು ರೂಪ) ಮಾಡಿ, ‘ಹಿಂಬಾಲಕ’ ಎಂದು ಹೆಸರಿಡಿ. ಇಲ್ಲದಿದ್ದರೆ ಎರಡೂ ಕಡೆಯ ಲಿಮಿಟ್ ಒಂದೇ ಬಿಂದುವಿನಲ್ಲಿ ಮುಟ್ಟಲು ಹೋಗಿ ತುದಿಯಲ್ಲಿ ದೋಷ ತೋರಿಸುತ್ತದೆ.

ಹೀಗೆ ಮಾಡಿದಾಗ ಬಲಗಡೆ ಡ್ರಾಯರ್ ಗೋಡೆ ಒಳಪಟ್ಟಿಗೆ ತಾಗುತ್ತದೋ ಇಲ್ಲವೋ ಅನ್ನುವುದು ಮೇಟ್‌ನಿಂದ ಬರುವುದಿಲ್ಲ, ಅಳತೆಯಿಂದ ಬರುತ್ತದೆ. ಅದೇ ಸರಿ ಕೂಡ. ಪಕ್ಕಕ್ಕೆ ಕೂರುವ ಸಾಮಾನ್ಯ ಚಾನೆಲ್‌ಗೆ ಪ್ರತಿ ಬದಿಗೆ 12.7 ಮಿ.ಮೀ. ಬೇಕು. ಡ್ರಾಯರ್ ಅಗಲ ಒಳತೆರವಿಗಿಂತ 25.4 ಕಮ್ಮಿ ಇರಬೇಕು. ಮೇಟ್ ಹಾಕಿ ಬಲವಂತವಾಗಿ ಹೊಂದಿಸಿದ್ದರೆ ಅಗಲ ತಪ್ಪಿದ್ದು ಕಾಣುತ್ತಲೇ ಇರಲಿಲ್ಲ.

ಮುಖ್ಯ ಅಸೆಂಬ್ಲಿಯಲ್ಲಿ ಅಲ್ಲಾಡದಿರುವುದಕ್ಕೆ: ಚಾನೆಲ್ ಸಬ್-ಅಸೆಂಬ್ಲಿ ಮೇಲೆ ರೈಟ್ ಕ್ಲಿಕ್, ಕಾಂಪೊನೆಂಟ್ ಪ್ರಾಪರ್ಟೀಸ್, ಸಾಲ್ವ್ ಆ್ಯಸ್ ಎಂಬಲ್ಲಿ ರಿಜಿಡ್ ಬದಲು ಫ್ಲೆಕ್ಸಿಬಲ್. ಚಾನೆಲ್ ಇನ್ನೊಂದು ಸಬ್-ಅಸೆಂಬ್ಲಿಯ ಒಳಗಿದ್ದರೆ ಆ ಮೇಲಿನದೂ ಫ್ಲೆಕ್ಸಿಬಲ್ ಆಗಬೇಕು, ನಡುವೆ ಒಂದು ರಿಜಿಡ್ ಉಳಿದರೂ ಎಲ್ಲ ಜಡ. ಹಾಗಂತ ಎಲ್ಲವನ್ನೂ ಫ್ಲೆಕ್ಸಿಬಲ್ ಮಾಡಬೇಡಿ, ಒಳಗಿನ ಮೇಟ್‌ಗಳೆಲ್ಲ ಮೇಲಿನ ಹಂತದಲ್ಲೇ ಬಿಡಿಸಬೇಕಾಗಿ ಕಡತ ಭಾರವಾಗುತ್ತದೆ.

---

ಐದುಮೇಟು:

ಕೊಲಿಶನ್ ವಿಷಯ ಬಿಟ್ಟುಹೋಗಿತ್ತು. ಮೂವ್ ಕಾಂಪೊನೆಂಟ್ ಒಳಗಿನ ಕೊಲಿಶನ್ ಡಿಟೆಕ್ಷನ್, ಸ್ಟಾಪ್ ಆ್ಯಟ್ ಕೊಲಿಶನ್ ಕೆಲಸ ಮಾಡುವುದು ಆ ಆದೇಶ ತೆರೆದಿರುವಷ್ಟು ಹೊತ್ತು ಮಾತ್ರ. ಮುಚ್ಚಿದ ಮೇಲೆ ಸಾಮಾನ್ಯ ಎಳೆತಕ್ಕೆ ತಡೆಯೇ ಇಲ್ಲ. ಎಳೆಯುವಾಗ ಪ್ರತಿ ಹೆಜ್ಜೆಗೂ ಮುಖಗಳನ್ನು ತಾಳೆ ನೋಡಬೇಕಾದ್ದರಿಂದ ನಿಧಾನ. ಮೊದಲೇ ಗುಂಡು ಹಳಿಯೊಳಗೆ 0.02 ಮಿ.ಮೀ. ಹೂತಿದ್ದರೆ ಹೊರಡುವ ಮುನ್ನವೇ ಡಿಕ್ಕಿ ಅನ್ನುತ್ತದೆ. ಅದನ್ನು ಲಿಮಿಟ್‌ಗೆ ಬದಲಿ ಎಂದು ನೋಡಬೇಡಿ, ಪರೀಕ್ಷೆಗೆ ಇಟ್ಟುಕೊಳ್ಳಿ. ದೀಸ್ ಕಾಂಪೊನೆಂಟ್ಸ್ ಆರಿಸಿ ನಾಲಿಗೆ ಇರುವ ಪಟ್ಟಿ, ಕೊಕ್ಕೆ ಇರುವ ಪಟ್ಟಿ ಎರಡನ್ನೇ ಕೊಟ್ಟರೆ ವೇಗವಾಗಿ ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ, ಇದು ಹೆಚ್ಚು ಉಪಯುಕ್ತ: ಚಾನೆಲನ್ನು ಲಿಮಿಟ್ ಮುಟ್ಟುವವರೆಗೆ ಎಳೆದು, ಇಂಟರ್‌ಫರೆನ್ಸ್ ಡಿಟೆಕ್ಷನ್‌ನಲ್ಲಿ ಟ್ರೀಟ್ ಕೋಇನ್ಸಿಡೆನ್ಸ್ ಆ್ಯಸ್ ಇಂಟರ್‌ಫರೆನ್ಸ್ ಆನ್ ಮಾಡಿ. ಅದು ತೋರಿಸುವ ಫಲಿತಾಂಶಗಳಲ್ಲಿ ನಾಲಿಗೆ ಮತ್ತು ಕೊಕ್ಕೆಯ ಸ್ಪರ್ಶ ಕಾಣಬೇಕು. ಅದರ ಬದಲು, ಉದಾಹರಣೆಗೆ, ನಡುಪಟ್ಟಿಯ ರಿವೆಟ್ ತಲೆ ಮತ್ತು ಹೊರಪಟ್ಟಿಯ ತುದಿ ಒಂದರೊಳಗೊಂದು ನುಗ್ಗಿದ್ದು ಕಂಡರೆ, ನಿಮ್ಮ ನಿಜವಾದ ಸ್ಟಾಪರ್ ಆ ರಿವೆಟ್! ನೀವು ಬಯಸಿದ ಸ್ಟಾಪರ್‌ಗೆ ಕೆಲಸವೇ ಬಂದಿಲ್ಲ.

ಟಾಲರೆನ್ಸ್ ಮರೆಯಬೇಡಿ. ಮಾದರಿಯ 450 ಅನ್ನುವುದು ನಾಮಿನಲ್. ಎರಡು ಹಂತ, ಪ್ರತಿ ಹಂತದಲ್ಲಿ ನಾಲಿಗೆಯ ಜಾಗ ಒಂದು, ಕೊಕ್ಕೆಯ ಜಾಗ ಒಂದು, ಒಟ್ಟು ನಾಲ್ಕು ಅಳತೆ. ಒಂದೊಂದೂ ±0.3 ಆದರೆ ಕೆಟ್ಟ ಸಂದರ್ಭದಲ್ಲಿ ±1.2. ವರ್ಗಗಳ ಮೊತ್ತದ ವರ್ಗಮೂಲ ತೆಗೆದರೆ ±0.6. ಡ್ರಾಯರ್ ತೆರೆದಾಗ ಎದುರಿನ ಬಾಗಿಲಿಗೆ 1 ಮಿ.ಮೀ. ಅಂತರ ಉಳಿದಿದೆ ಎಂದು ಮಾದರಿ ತೋರಿಸಿದರೆ ಅದನ್ನು ಅಂತರ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

---

ತಿರುಪುಪಿಚ್:

ಬೇರೆ ಸಾಫ್ಟ್‌ವೇರ್‌ನವರೂ ಈ ಎಳೆ ಓದುತ್ತಾರೆ, ಅವರಿಗೆ ಚುಟುಕಾಗಿ.

ಇನ್ವೆಂಟರ್: ಕನ್‌ಸ್ಟ್ರೇಂಟ್‌ಗಿಂತ ಜಾಯಿಂಟ್, ಸ್ಲೈಡರ್ ಒಳ್ಳೆಯದು. ಒಂದೇ ಏಟಿಗೆ ಐದೂ ಹೋಗುತ್ತವೆ, ದಿಕ್ಕಿಗೆ ಚಿಹ್ನೆ ಇದೆ, ಪಲ್ಟಿಯ ಗೋಜಿಲ್ಲ. ಲಿಮಿಟ್ಸ್ ಟ್ಯಾಬ್‌ನಲ್ಲಿ ಲೀನಿಯರ್ ಭಾಗದ ಸ್ಟಾರ್ಟ್, ಎಂಡ್ ಆನ್ ಮಾಡಿ. ನಿಲ್ಲುವ ಜಾಗ ಗೊತ್ತಿಲ್ಲದಿದ್ದರೆ ಜಾಯಿಂಟ್ ಮೇಲೆ ರೈಟ್ ಕ್ಲಿಕ್, ಡ್ರೈವ್, ಕೆಳಗೆ ವಿಸ್ತರಿಸಿ ಕೊಲಿಶನ್ ಡಿಟೆಕ್ಷನ್ ಟಿಕ್ ಮಾಡಿ ಓಡಿಸಿ. ಡಿಕ್ಕಿಯಾದ ಕಡೆ ನಿಂತು ಆ ಬೆಲೆಯನ್ನೇ ಹೇಳುತ್ತದೆ. ಹೆಜ್ಜೆಯ ಗಾತ್ರ 1 ಮಿ.ಮೀ. ಇದ್ದರೆ ಉತ್ತರವೂ 1 ಮಿ.ಮೀ. ನಿಖರತೆಯದ್ದೇ, ಕೊನೆಯ ಸುತ್ತಿಗೆ 0.05 ಮಾಡಿಕೊಳ್ಳಿ. ಸಬ್-ಅಸೆಂಬ್ಲಿಗೆ ಇಲ್ಲೂ ಫ್ಲೆಕ್ಸಿಬಲ್ ಬೇಕು.

ಫ್ಯೂಷನ್: ಜಾಯಿಂಟ್, ಸ್ಲೈಡರ್, ಆಮೇಲೆ ಎಡಿಟ್ ಜಾಯಿಂಟ್ ಲಿಮಿಟ್ಸ್‌ನಲ್ಲಿ ಮಿನಿಮಮ್, ಮ್ಯಾಕ್ಸಿಮಮ್, ರೆಸ್ಟ್. ಎರಡು ಹಂತ ಜೋಡಿಸಲು ಮೋಶನ್ ಲಿಂಕ್. ಇಲ್ಲಿ ಅನುಪಾತ ಬೇರೆ, ಹುಷಾರು: ಎರಡನೇ ಸ್ಲೈಡರ್ ನಡು-ಒಳ ನಡುವೆ ಇರುವುದರಿಂದ 218ಕ್ಕೆ 450 ಅಲ್ಲ, 218ಕ್ಕೆ 232.

ಆನ್‌ಶೇಪ್: ಸ್ಲೈಡರ್ ಮೇಟ್‌ನಲ್ಲೇ ಲಿಮಿಟ್ಸ್ ಟಿಕ್ ಇದೆ. ಅಳತೆ ಮೇಟ್ ಕನೆಕ್ಟರ್‌ನ ಝಡ್ ದಿಕ್ಕಿಗೆ. ಫ್ಲಿಪ್ ಪ್ರೈಮರಿ ಆಕ್ಸಿಸ್ ಒತ್ತಿದರೆ ಚಿಹ್ನೆ ತಿರುಗುತ್ತದೆ, 0 ರಿಂದ 218 ಬದಲು -218 ರಿಂದ 0 ಬೇಕಾಗುತ್ತದೆ. ಮೇಟ್ ಕನೆಕ್ಟರನ್ನು ಸ್ಟಾಪರ್ ಮುಖದ ಮೇಲೆಯೇ ಇಟ್ಟರೆ ಒಂದು ತುದಿ ಯಾವಾಗಲೂ 0, ತಿದ್ದುವುದು ಇನ್ನೊಂದನ್ನೇ. ಹಂತ ಜೋಡಿಸಲು ಲೀನಿಯರ್ ರಿಲೇಶನ್.

ಫ್ರೀಕ್ಯಾಡ್: 1.0 ಆವೃತ್ತಿಯಿಂದ ಅಸೆಂಬ್ಲಿ ವರ್ಕ್‌ಬೆಂಚ್ ಒಳಗೇ ಬಂದಿದೆ. ಸ್ಲೈಡರ್ ಜಾಯಿಂಟ್‌ಗೆ ಕನಿಷ್ಠ, ಗರಿಷ್ಠ ಉದ್ದದ ಲಿಮಿಟ್ ಕೊಡಬಹುದು. ಒಂದು ಪಾರ್ಟನ್ನು ಗ್ರೌಂಡ್ ಮಾಡದೆ ಎಳೆದರೆ ಲಿಮಿಟ್ ಇದ್ದರೂ ಇಡೀ ಚಾನೆಲ್ ಒಟ್ಟಿಗೇ ಓಡುತ್ತದೆ.

ಕ್ರಿಯೋ: ಸ್ಲೈಡರ್ ಕನೆಕ್ಷನ್, ಟ್ರಾನ್ಸ್‌ಲೇಶನ್ ಆಕ್ಸಿಸ್‌ಗೆ ಸೆಟ್ ಝೀರೋ ಪೊಸಿಶನ್, ಆಮೇಲೆ ಮಿನಿಮಮ್, ಮ್ಯಾಕ್ಸಿಮಮ್ ಲಿಮಿಟ್. ಸೊನ್ನೆ ಎಲ್ಲಿ ಎಂದು ಮೊದಲು ಹೇಳಿ, ಲಿಮಿಟ್ ಆಮೇಲೆ.

ಕೊನೆಗೆ ತಿರುಪಿನಿಂದ ಓಡುವ ಸ್ಲೈಡ್ ಬಗ್ಗೆ, ಇದು ಪದೇ ಪದೇ ಬರುವ ಗೊಂದಲ. ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) 2 ಮಿ.ಮೀ., ಓಟ 300 ಆದರೆ ತಿರುಪು 150 ಸುತ್ತು ಸುತ್ತುತ್ತದೆ. ಲಿಮಿಟನ್ನು ತಿರುಪಿನ ಕೋನಕ್ಕೆ ಕೊಡಲು ಹೋಗಬೇಡಿ. ಮೇಟ್‌ನ ಕೋನಕ್ಕೆ ಸುತ್ತಿನ ಲೆಕ್ಕ ಇಲ್ಲ, ಒಂದು ಸುತ್ತು ಮುಗಿದು ಮತ್ತೆ ಅದೇ ಕೋನಕ್ಕೆ ಬಂದಾಗ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಲಿಮಿಟ್ ನಟ್ ಕೂತ ಕ್ಯಾರೇಜ್‌ನ ನೇರ ಓಟಕ್ಕೆ ಇರಲಿ, ಸ್ಕ್ರೂ ಮೇಟ್ ತಿರುಪನ್ನು ತಾನೇ ನಿಲ್ಲಿಸುತ್ತದೆ. ಲಿಮಿಟ್ ಸ್ವಿಚ್ ಇರುವ ಯಂತ್ರದಲ್ಲಿ ಎರಡು ಪದರ ಇಡಿ: ಕೆಲಸದ ಸ್ಟ್ರೋಕ್ 300, ಎರಡೂ ತುದಿಯಲ್ಲಿ ಸ್ವಿಚ್ ದಾಟಿ ಗಟ್ಟಿ ತಡೆಯವರೆಗೆ 5-5, ಅಂದರೆ ಯಾಂತ್ರಿಕ ಸ್ಟ್ರೋಕ್ 310. ಕೇಬಲ್ ಚೈನ್ ಉದ್ದ, ಬೆಲ್ಲೋಸ್ ಹಿಗ್ಗುವಿಕೆ ನೋಡುವಾಗ 310ರ ಕಾನ್ಫಿಗರೇಶನ್ ಬಳಸಬೇಕು, 300ರದ್ದಲ್ಲ. ಸ್ವಿಚ್ ಕೈಕೊಟ್ಟ ದಿನ ಕೇಬಲ್ ಹರಿಯುವುದು ಆ 10 ಮಿ.ಮೀ. ಒಳಗೇ.

---

ಜಾರುಬಾಗಿಲು:

ಎಲ್ಲರಿಗೂ ಧನ್ಯವಾದ. 1000ದ ಪ್ಲೇನ್ ಹಾಕಿದ ಮೇಲೆ ಪಲ್ಟಿ ಪೂರ್ತಿ ನಿಂತಿದೆ. ಒಂದು-ತುದಿಯ ಲಿಮಿಟ್ ಜೋಡಿಯೂ ಕೆಲಸ ಮಾಡುತ್ತಿದೆ, ನಾಲಿಗೆ ಸರಿಸಿ ನೋಡಿದೆ, ಸ್ಟ್ರೋಕ್ ಹಿಂದೆಯೇ ಬಂತು. ಎಡ-ಬಲವೂ ಸರಿಯಾಯಿತು.

ಎರಡು ವಿಷಯ ಉಳಿದಿವೆ. ಕಪ್ಲರ್‌ಗೆ ಅನುಪಾತ 0.485 ಎಂದು ಕೊಟ್ಟಾಗ ಡ್ರಾಯರ್ 450 ಬದಲು ಸುಮಾರು 449.5ಕ್ಕೆ ನಿಲ್ಲುತ್ತದೆ. ಇನ್ನೊಂದು, ಡ್ರಾಯಿಂಗ್‌ನಲ್ಲಿ ಮುಚ್ಚಿದ ಮತ್ತು ತೆರೆದ ಎರಡೂ ಸ್ಥಿತಿ ಒಂದೇ ನೋಟದಲ್ಲಿ ಬೇಕು. ಮತ್ತೆ ಈ ಚಾನೆಲನ್ನೇ ರೋಬೋಟ್ ಸಿಮ್ಯುಲೇಶನ್‌ಗೆ ಯುಆರ್‌ಡಿಎಫ್ (ರೋಬೋಟ್‌ನ ಭಾಗ, ಕೀಲುಗಳನ್ನು ವರ್ಣಿಸುವ ಕಡತ) ಆಗಿ ಕಳಿಸಬೇಕು ಎಂದು ಇನ್ನೊಬ್ಬರು ಕೇಳಿದ್ದಾರೆ, ಲಿಮಿಟ್ ಹಾಗೇ ಹೋಗುತ್ತದೆಯೇ?

---

ಗುಂಡುಗೂಡು:

449.5 ಬಂದದ್ದು ದುಂಡಗೆ ಮಾಡಿದ ಸಂಖ್ಯೆಯಿಂದ. 218 ಭಾಗಿಸು 450 ಅಂದರೆ 0.48444 ಚಿಲ್ಲರೆ. ನೀವು 0.485 ಕೊಟ್ಟದ್ದರಿಂದ ನಡುಪಟ್ಟಿ ತುಸು ಬೇಗ ಓಡಿ, ಒಳಪಟ್ಟಿ 449.48 ತಲುಪಿದಾಗಲೇ ತನ್ನ 218 ಮುಟ್ಟಿತು. ಅನುಪಾತದ ಎರಡೂ ಖಾನೆಗಳಿಗೆ ಪೂರ್ಣಾಂಕ ಕೊಡಿ: 109 ಮತ್ತು 225. ಅನುಪಾತ ಹೀಗೆ ನಿಖರವಾದ ಮೇಲೆ, ಬೇಕಿದ್ದರೆ ಕಪ್ಲರ್ ಇರುವ ಕಾನ್ಫಿಗರೇಶನ್‌ನಲ್ಲಿ ನಡು-ಒಳ ಜೋಡಿಯ ಲಿಮಿಟ್‌ಗಳನ್ನು ಸಪ್ರೆಸ್ ಮಾಡಬಹುದು, ಹೊರ-ನಡು ಲಿಮಿಟ್ ಒಂದೇ ಎಲ್ಲವನ್ನೂ ಹಿಡಿಯುತ್ತದೆ. ಆದರೆ ನಾಲಿಗೆ ಸರಿಸಿ 218 ಹೋಗಿ 210 ಆದ ದಿನ ಕಪ್ಲರ್ ಅನುಪಾತ ತಾನಾಗಿ ಬದಲಾಗುವುದಿಲ್ಲ, ಅದು 210 : 442, ಅಂದರೆ 105 : 221 ಆಗಬೇಕು. ಆದ್ದರಿಂದ ನಡು-ಒಳ ಜೋಡಿಯ ಲಿಮಿಟ್ ಉಳಿಸಿಕೊಳ್ಳುವುದೇ ನನ್ನ ಆಯ್ಕೆ: ನಾಲಿಗೆ ಮುಂದೆ ಸರಿದು 218 ಹೆಚ್ಚಾದ ದಿನ, ಆ ಲಿಮಿಟ್ ಇಲ್ಲದಿದ್ದರೆ ಒಳಪಟ್ಟಿ ತನ್ನ ತಡೆ ದಾಟಿ ಹೋಗುತ್ತದೆ, ಇದ್ದರೆ ಡ್ರಾಯರ್ ಪೂರ್ತಿ ತೆರೆಯದೆ ನಿಂತು ಅನುಪಾತ ಹಳೆಯದಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಯುಆರ್‌ಡಿಎಫ್: ಲಿಮಿಟ್ ತಾನಾಗಿ ಹೋಗುತ್ತದೆ ಎಂದು ನಂಬಿ ಕೂರಬೇಡಿ, ಬಂದ ಕಡತ ತೆರೆದು ಕಣ್ಣಾರೆ ನೋಡಿ. ಜಾಯಿಂಟ್ ಮಾದರಿ ಪ್ರಿಸ್ಮ್ಯಾಟಿಕ್ ಇರಬೇಕು, ಅದಕ್ಕೆ ಲಿಮಿಟ್ ಟ್ಯಾಗ್ ಕಡ್ಡಾಯ. ಲೋವರ್, ಅಪ್ಪರ್ ಬರೆಯದೆ ಬಿಟ್ಟರೆ ಎರಡೂ 0 ಎಂದೇ ಅರ್ಥ, ಜಾಯಿಂಟ್ ಒಂದಿಂಚೂ ಸರಿಯುವುದಿಲ್ಲ. ಎಫರ್ಟ್ ಮತ್ತು ವೆಲಾಸಿಟಿ ಎರಡೂ ಬೇಕೇ ಬೇಕು, ಪ್ರಿಸ್ಮ್ಯಾಟಿಕ್‌ಗೆ ಅವು ನ್ಯೂಟನ್ ಮತ್ತು ಮೀಟರ್ ಪ್ರತಿ ಸೆಕೆಂಡ್. ಉದ್ದವೆಲ್ಲ ಮೀಟರಿನಲ್ಲಿ: 218 ಅಲ್ಲ, 0.218. ಡ್ರಾಯರ್ 218 ಮೀಟರ್ ಹಾರಿಹೋದರೆ ಕಾರಣ ಹುಡುಕಬೇಕಾದದ್ದು ಇಲ್ಲಿ.

ಕಳಿಸುವ ಮುನ್ನ ಚಾನೆಲ್ ಪೂರ್ತಿ ಮುಚ್ಚಿಡಿ. ಕಳಿಸಿದಾಗ ಇದ್ದ ಸ್ಥಿತಿಯೇ ಅಲ್ಲಿ ಸೊನ್ನೆ. ಹೊರ-ನಡು ಜೋಡಿ 60 ತೆರೆದಿದ್ದಾಗ ಕಳಿಸಿದರೆ ಲೋವರ್ -0.060, ಅಪ್ಪರ್ 0.158 ಎಂದು ತಿದ್ದಬೇಕಾಗುತ್ತದೆ. ಕಪ್ಲರ್ ಜಾಗಕ್ಕೆ ಮಿಮಿಕ್ ಟ್ಯಾಗ್. ಎರಡನೇ ಜಾಯಿಂಟ್‌ನ ಬೆಲೆ ಅದರ ಪೇರೆಂಟ್ ಆದ ನಡುಪಟ್ಟಿಗೆ ಹೋಲಿಸಿ, ಹಾಗಾಗಿ ಮಲ್ಟಿಪ್ಲೈಯರ್ 232 ಭಾಗಿಸು 218, ಅಂದರೆ 1.06422.

ಸ್ಟಾಪರ್‌ಗೆ ಬಡಿಯುವ ಹೊಡೆತದ ಬಲ ಬೇಕಿದ್ದರೆ ಯಾವ ಲಿಮಿಟ್ ಮೇಟ್ ಕೂಡ ಅದನ್ನು ಕೊಡುವುದಿಲ್ಲ. ಅದು ಬರೀ ಜ್ಯಾಮಿತಿ. ಬಲಕ್ಕೆ ಮೋಶನ್ ಅನಾಲಿಸಿಸ್‌ನಲ್ಲಿ ನಾಲಿಗೆ-ಕೊಕ್ಕೆ ನಡುವೆ ಸಾಲಿಡ್ ಬಾಡಿ ಕಾಂಟ್ಯಾಕ್ಟ್ ಹಾಕಿ ಬಿಗುವು, ಡ್ಯಾಂಪಿಂಗ್ ಕೊಡಬೇಕು, ಆಗ ಅದೇ ಜಾಗದ ಲಿಮಿಟ್ ಮೇಟ್ ಸಪ್ರೆಸ್ ಆಗಿರಲಿ. ಎರಡೂ ಇದ್ದರೆ ಮೇಟ್ ಮೊದಲು ತಡೆದು ಕಾಂಟ್ಯಾಕ್ಟ್‌ಗೆ ಸೊನ್ನೆ ಬಲ ತೋರಿಸುವ ಅಪಾಯವಿದೆ.

---

ಐದುಮೇಟು:

ಡ್ರಾಯಿಂಗ್‌ಗೆ ಎರಡು ಕಾನ್ಫಿಗರೇಶನ್ ಮಾಡಿ, ‘ಮುಚ್ಚಿದ’, ‘ತೆರೆದ’. ಎರಡರಲ್ಲೂ ಲಿಮಿಟ್ ಮೇಟ್‌ಗಳನ್ನೆಲ್ಲ ಸಪ್ರೆಸ್ ಮಾಡಿ, ಕಪ್ಲರನ್ನೂ. ಅವುಗಳ ಬದಲು ಅದೇ ಪ್ಲೇನ್‌ಗಳ ನಡುವೆ ಸಾಮಾನ್ಯ ಡಿಸ್ಟನ್ಸ್ ಮೇಟ್ 1000: ‘ತೆರೆದ’ದಲ್ಲಿ ತಡೆ_ಮುಂದೆ ಜೋಡಿಗಳಿಗೆ, ‘ಮುಚ್ಚಿದ’ದಲ್ಲಿ ತಡೆ_ಹಿಂದೆ ಜೋಡಿಗಳಿಗೆ. ಲಿಮಿಟ್ ಮೇಟ್ ಮತ್ತು ಅದೇ ಬೆಲೆಯ ಡಿಸ್ಟನ್ಸ್ ಮೇಟ್ ಒಟ್ಟಿಗೆ ಇರಬಾರದು ಅಂತಲ್ಲ, ಸರಿಯಾಗಿ ಅಂಚಿನ ಮೇಲೆ ಕೂತಾಗ ದಶಮಾಂಶದ ಕೊನೆಯ ಸ್ಥಾನದ ವ್ಯತ್ಯಾಸಕ್ಕೆ ಒಮ್ಮೆ ಸರಿ, ಒಮ್ಮೆ ಕೆಂಪು ಆಗುತ್ತದೆ.

ಎಳೆದಾಡಲು ‘ಓಡಾಟ’ ಎಂಬ ಮೂರನೇ ಕಾನ್ಫಿಗರೇಶನ್ ಇಟ್ಟು ಲಿಮಿಟ್‌ಗಳು ಅಲ್ಲಿ ಮಾತ್ರ ಜೀವಂತವಾಗಿರಲಿ. ಡ್ರಾಯಿಂಗ್‌ಗೆ ‘ಓಡಾಟ’ವನ್ನು ಯಾವತ್ತೂ ಕೊಂಡಿ ಮಾಡಬೇಡಿ, ಯಾರೋ ಮೌಸ್ ತಗುಲಿಸಿದರೆ ಅಳತೆ 449.7 ಎಂದು ಅಚ್ಚಾಗುತ್ತದೆ.

ಡ್ರಾಯಿಂಗ್‌ನಲ್ಲಿ ‘ಮುಚ್ಚಿದ’ದ ಪಕ್ಕನೋಟ ಇಟ್ಟು, ಆಲ್ಟರ್‌ನೇಟ್ ಪೊಸಿಶನ್ ವ್ಯೂ ಒತ್ತಿ, ಎಕ್ಸಿಸ್ಟಿಂಗ್ ಕಾನ್ಫಿಗರೇಶನ್ ಎಂದು ‘ತೆರೆದ’ವನ್ನು ಆರಿಸಿ. ತೆರೆದ ಸ್ಥಿತಿ ಅದೇ ನೋಟದ ಮೇಲೆ ಫ್ಯಾಂಟಮ್ ರೇಖೆಯಲ್ಲಿ ಬರುತ್ತದೆ. ಒಳಪಟ್ಟಿಯ ಮುಂತುದಿಗಳೆರಡರ ನಡುವೆ ಅಳತೆ ಹಾಕಿ, 450 ಬರಬೇಕು. ಅದನ್ನು ರೆಫರೆನ್ಸ್ ಅಳತೆ ಎಂದು ಆವರಣದೊಳಗೆ ಇಡಿ, ಏಕೆಂದರೆ ಟಾಲರೆನ್ಸ್ ಹೊರುವುದು ನಾಲಿಗೆ-ಕೊಕ್ಕೆಗಳ ನಾಲ್ಕು ಅಳತೆಗಳು, ಇದಲ್ಲ.